ದಡ ಸೇರಿದವರ ಸ್ತೋತ್ರವು

ಓದತಕ್ಕ ಭಾಗಗಳು: ಕೀರ್ತನೆ 107:23–32; ಅಪೊಸ್ತಲರ ಕೃತ್ಯಗಳು 27:9 ರಿಂದ 28:10



ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರುವ ನಮ್ಮ ಎರೆಯ ಸೀಮೆಯಲ್ಲಿ ಮಳೆಗಾಗಿ ಪ್ರಾರ್ಥಿಸದ ಸಭೆಯಿಲ್ಲ. ಮೃಗಶಿರ ಮಳೆಯು ಬರಿದಾಗಿ ಹೋದರೆ ನಮ್ಮ ಮುಖಗಳು ಬಾಡುವವು. ಆರಿದ್ರವೂ ಹೋದರೆ ಬಿತ್ತನೆಯ ಬೀಜವನ್ನು ನೋಡಿ ನಿಟ್ಟುಸಿರು ಬಿಡುವೆವು. ಆದರೆ ಮಳೆಯು ಒಮ್ಮೆ ಹಟ ಹಿಡಿದು ಸುರಿದರೆ, ಯಾವ ನೀರಿಗಾಗಿ ಬೇಡಿಕೊಂಡೆವೋ ಅದೇ ನೀರು ನಮ್ಮ ದಾರಿಯನ್ನು ಮುಚ್ಚಿಬಿಡುವದು. ವರುಷದ ಹೆಚ್ಚು ದಿನಗಳಲ್ಲಿ ದನಗಳು ಕಾಲು ನೆನೆಯದೆ ದಾಟುವ ಹಳ್ಳವು ಒಂದೆರಡು ತಾಸುಗಳಲ್ಲಿ ಹೊಳೆಯಾಗುವದು. ಎರೆಯ ಮಣ್ಣು ಕಾಲಿಗೂ ಗಾಲಿಗೂ ಹತ್ತಿಕೊಂಡು, ಒಂದು ಹೆಜ್ಜೆಗೆ ಮೂರು ಹೆಜ್ಜೆಯ ಭಾರವನ್ನು ಕೊಡುವದು. ಮಳೆಯು ದೇವರ ದಾನವೆಂದು ಬಲ್ಲ ನಾವು, ಆ ದಾನದ ಮುಂದೆ ನಿಂತು ಹೆದರುವದೂ ಉಂಟು.

ಒಂದು ಕುಟುಂಬವನ್ನು ಮನಸ್ಸಿಗೆ ತಂದುಕೊಳ್ಳಿರಿ. ಹೆಸರು ಬೇಡ; ನಮ್ಮಲ್ಲಿ ಪ್ರತಿಯೊಂದು ಮನೆಯೂ ಒಂದಲ್ಲ ಒಂದು ವರುಷ ಈ ಕುಟುಂಬವಾಗಿದೆ. ಲಿಂಗಸುಗೂರಿನ ಕಡೆಯ ಒಂದು ಹಳ್ಳಿಯಿಂದ ತಂದೆ, ತಾಯಿ, ಮುಪ್ಪಿನ ಅಜ್ಜಿ, ಎರಡು ಮಕ್ಕಳು ಸಿಂಧನೂರಿನ ಆಚೆ ಇರುವ ಹಿರಿಯ ಮಗಳ ಮನೆಗೆ ಹೊರಟಿದ್ದಾರೆ. ಮಗಳು ಹಡೆದು ಕೆಲವೇ ದಿನಗಳಾಗಿವೆ. ಬಾಣಂತಿಗೆ ಅಂಟಿನುಂಡಿ ಕಟ್ಟಿದ್ದಾರೆ. ಕೂಸಿಗೆ ಅಜ್ಜಿಯು ಕುಂಚಿಗೆಯನ್ನೂ ಚಿಕ್ಕ ಕೌದಿಯನ್ನೂ ಹೊಲಿದಿದ್ದಾಳೆ. ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಸುಮಾರು 55 ಕಿಲೋಮೀಟರು. ಒಳ್ಳೆಯ ದಿನದಲ್ಲಿ ಅದೇನೂ ದೂರವಲ್ಲ. ಆದರೆ ಅದು ಹಸ್ತ ಮಳೆಯ ದಿನ. ಮಸ್ಕಿಯನ್ನು ಬಿಡುವಾಗಲೇ ಕತ್ತಲೆ ಕವಿಯಿತು. ಸಿಂಧನೂರು ದಾಟಿ ಒಳದಾರಿಗೆ ತಿರುಗಿದ ಮೇಲೆ, ಹಳ್ಳದ ಕಿರುಸೇತುವೆಯ ಮೇಲೆ ನೀರು ಹರಿಯುತ್ತಿರುವದನ್ನು ಕಂಡು ಬಸ್ಸಿನ ಚಾಲಕನು ಗಾಡಿಯನ್ನು ನಿಲ್ಲಿಸಿಬಿಟ್ಟನು. ಕೆಲವರು ಗೊಣಗಿದರು, ಮೊಣಕಾಲುದ್ದದ ನೀರಿಗೆ ಇಷ್ಟು ಭಯವೇ ಎಂದು ಒಬ್ಬನು ಹಂಗಿಸಿದನು. ಚಾಲಕನು ಜಗ್ಗಲಿಲ್ಲ. ದಾರಿಯ ಬದಿಯ ಗುಡಿಸಲಿನಿಂದ ಒಬ್ಬ ಮುದುಕಿಯು ಬಂದು, ಮಕ್ಕಳನ್ನೂ ಅಜ್ಜಿಯನ್ನೂ ಒಳಗೆ ಕರೆದು ಒಲೆಯ ಮುಂದೆ ಕೂಡ್ರಿಸಿದಳು. ಅವರು ಯಾರು, ಯಾವ ಜಾತಿ, ಯಾವ ದೇವರನ್ನು ನಂಬುವವರು ಎಂದು ಆಕೆ ಕೇಳಲಿಲ್ಲ. ನಾಲ್ಕು ತಾಸಿನ ಮೇಲೆ ನೀರು ಇಳಿಯಿತು. ನಡುರಾತ್ರಿಯಲ್ಲಿ ಮಗಳ ಮನೆಯ ಬಾಗಲು ತೆರೆಯಿತು. ಕಾಲಿಗೆ ಬಿಸಿನೀರು, ಮೈಗೆ ಒಣಬಟ್ಟೆ, ತಟ್ಟೆಯಲ್ಲಿ ರೊಟ್ಟಿ. ದಾರಿಯುದ್ದಕ್ಕೂ ಒಂದು ಮಾತನ್ನೂ ಆಡದಿದ್ದ ಅಜ್ಜಿಯು ಕೂಸಿನ ತಲೆಯನ್ನು ಮುಟ್ಟಿ ಅತ್ತುಬಿಟ್ಟಳು. ತಂದೆಯು ಗೋಡೆಗೆ ಒರಗಿ, "ಕರ್ತನೇ, ನಿನಗೆ ಸ್ತೋತ್ರ" ಅಂದನು.

ಆ ಮಾತು ನಿಜವಾದ ಮಾತೇ. ಅದನ್ನು ಹೇಳದವನು ಕೃತಘ್ನನು. ಆದರೆ ಪ್ರಿಯರೇ, ಆ ಸ್ತೋತ್ರವು ಗೋಡೆಯ ಹತ್ತಿರವೇ ಮುಗಿಯತಕ್ಕದ್ದೋ, ಇಲ್ಲವೆ ಇನ್ನೂ ಮುಂದಕ್ಕೆ ನಡೆಯತಕ್ಕದ್ದೋ? ಇಂದು ನಾವು ವಿಚಾರಿಸುವದು ಇದನ್ನೇ.

107ನೆಯ ಕೀರ್ತನೆಯಲ್ಲಿ ನಾಲ್ಕು ವಿಧದ ಜನರು ಕಾಣಿಸಿಕೊಳ್ಳುತ್ತಾರೆ: ಅರಣ್ಯದಲ್ಲಿ ದಾರಿ ತಪ್ಪಿದವರು, ಸೆರೆಯಲ್ಲಿ ಬಿದ್ದವರು, ರೋಗದಿಂದ ಸಾವಿನ ಬಾಗಲಿಗೆ ಹೋದವರು, ಸಮುದ್ರದ ಬಿರುಗಾಳಿಗೆ ಸಿಕ್ಕಿದವರು. ನಾಲ್ವರೂ ಮೊರೆಯಿಡುತ್ತಾರೆ, ನಾಲ್ವರೂ ಬಿಡುಗಡೆಯನ್ನು ಹೊಂದುತ್ತಾರೆ. ಆದರೆ ಸಮುದ್ರದಿಂದ ಬಂದವರಿಗೆ ಕೀರ್ತನೆಗಾರನು ಒಂದು ಮಾತನ್ನು ಹೆಚ್ಚಾಗಿ ಹೇಳುತ್ತಾನೆ. ಹಾರೈಸಿದ ರೇವಿಗೆ ಮುಟ್ಟಿದವರು ತಮ್ಮ ಸ್ತುತಿಯನ್ನು ಜನರ ಸಭೆಯಲ್ಲಿಯೂ ಹಿರಿಯರ ಕೂಟದಲ್ಲಿಯೂ ಸಲ್ಲಿಸಬೇಕೆಂಬದೇ ಆ ಮಾತು. ಹಾಗಾದರೆ ಪಯಣಿಗನ ಸ್ತೋತ್ರವು ಮನೆಯ ಒಳಗಿನ ಗುಟ್ಟಲ್ಲ; ಊರಿಗೆ ಸಲ್ಲತಕ್ಕ ಸಾಲವಾಗಿದೆ. ಈ ಸಾಲವನ್ನು ತೀರಿಸುವದು ಹೇಗೆಂಬದನ್ನು ಅಪೊಸ್ತಲನಾದ ಪೌಲನ ಪಯಣದಿಂದ ಕಲಿಯೋಣ.

ಒಂದನೆಯದಾಗಿ, ತಡೆದು ನಿಲ್ಲುವದು ಅವಿಶ್ವಾಸವಲ್ಲ.

ಪೌಲನನ್ನು ರೋಮಾಪುರಕ್ಕೆ ಒಯ್ಯುತ್ತಿದ್ದ ಹಡಗು ಕ್ರೇತ ದ್ವೀಪದ ರೇವಿನಲ್ಲಿ ನಿಂತಾಗ ಯೆಹೂದ್ಯರ ಉಪವಾಸದ ದಿನವು ಕಳೆದಿತ್ತು. ಆ ದಿನವು ಸೆಪ್ಟೆಂಬರಿನ ಕಡೆಯಲ್ಲಾಗಲಿ ಅಕ್ಟೋಬರಿನ ಮೊದಲಲ್ಲಾಗಲಿ ಬರುವದು. ನಮ್ಮ ಹಸ್ತ ಮಳೆಯ ಕಾಲವೆಂದರೆ ಸಾಕು. ಇನ್ನು ಮುಂದಕ್ಕೆ ಹೋದರೆ ನಷ್ಟವಾಗುವದೆಂದು ಪೌಲನು ಎಚ್ಚರಿಸಿದನು. ಯೂಲ್ಯನೆಂಬ ಶತಾಧಿಪತಿಯು ಸೆರೆಯವನ ಮಾತಿಗಿಂತ ಹಡಗಿನ ಯಜಮಾನನ ಮಾತನ್ನು ಹೆಚ್ಚಾಗಿ ನಂಬಿದನು. ಅಷ್ಟರಲ್ಲಿ ತೆಂಕಣಗಾಳಿಯು ಮೆಲ್ಲನೆ ಬೀಸಿತು. ಎಲ್ಲರೂ ಕೆಲಸವಾಯಿತೆಂದು ತಿಳಿದು ಲಂಗರನ್ನು ಎತ್ತಿದರು. ಸ್ವಲ್ಪ ಹೊತ್ತಿನಲ್ಲಿಯೇ ಬಿರುಗಾಳಿಯು ಅವರ ಮೇಲೆ ಬಿತ್ತು.

ಮೆಲ್ಲನೆಯ ಗಾಳಿಯನ್ನು ನಂಬಿ ಕೆಟ್ಟವರು ಅವರೊಬ್ಬರೇ ಅಲ್ಲ. 2019ರ ಆಗಸ್ಟ್ ತಿಂಗಳಿನಲ್ಲಿ ಆದದ್ದು ನಮಗೆ ನೆನಪಿದೆ. ಕೃಷ್ಣೆಯು ಹುಟ್ಟುವ ಮಹಾರಾಷ್ಟ್ರದ ಘಟ್ಟಗಳಲ್ಲಿ ವಿಪರೀತ ಮಳೆಯಾಯಿತು. ಆ ನೀರು ಆಲಮಟ್ಟಿಯನ್ನು ತುಂಬಿ, ನಾರಾಯಣಪುರದ ಬಸವಸಾಗರಕ್ಕೆ ಬಂದು, ಅಲ್ಲಿಂದ 5 ಲಕ್ಷ ಕ್ಯುಸೆಕ್ಕಿಗೂ ಮಿಕ್ಕಿ ಹೊಳೆಗೆ ಬಿಡಲ್ಪಟ್ಟಿತು. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿಯ ಸೇತುವೆಯು ಮುಳುಗಿತು. ಹೊಳೆಯ ನಡುಗಡ್ಡೆಗಳ ಜನರಿಗೆ ದಾರಿ ಕಡಿಯಿತು. ತಲೆಯ ಮೇಲಿನ ಆಕಾಶವನ್ನು ನೋಡಿ ಹೊಳೆಯನ್ನು ಅಳೆಯುವವನು ಇಂಥ ದಿನದಲ್ಲಿ ಮೋಸಹೋಗುವನು. ನಮ್ಮ ಪಾದದ ಬಳಿಗೆ ಬರುವ ನೀರು ನಾವು ಕಾಣದ ಬೆಟ್ಟದ ಮೇಲೆ ಬಿದ್ದ ಮಳೆಯಾಗಿರುವದು.

ನೀರಿನ ಬಲವನ್ನೂ ತಿಳಿದಿರುವದು ಒಳ್ಳೆಯದು. ಹರಿಯುವ ನೀರು ಸುಮಾರು 30 ಸೆಂಟಿಮೀಟರು ಇದ್ದರೆ ಚಿಕ್ಕ ಕಾರನ್ನು ನೆಲದಿಂದ ತೇಲಿಸಬಲ್ಲದು. 60 ಸೆಂಟಿಮೀಟರು ಇದ್ದರೆ ದೊಡ್ಡ ಗಾಡಿಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಕೆಂಪು ನೀರಿನ ಕೆಳಗೆ ದಾರಿಯು ಉಳಿದಿದೆಯೋ ಕಿತ್ತುಹೋಗಿದೆಯೋ ಕಣ್ಣಿಗೆ ಕಾಣುವದಿಲ್ಲ. ಹೀಗಿರುವಾಗ, ದೇವರು ನಮ್ಮ ಸಂಗಡ ಇದ್ದಾನೆಂದು ಹೇಳಿ ಹಳ್ಳಕ್ಕೆ ಇಳಿಯುವದು ವಿಶ್ವಾಸವೋ? ಸೈತಾನನು ಕರ್ತನನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಧುಮುಕು, ದೂತರು ಹಿಡಿಯುವರು ಎಂದು ಹೇಳಿದ ಕಥೆಯು ಮತ್ತಾಯನ ನಾಲ್ಕನೆಯ ಅಧ್ಯಾಯದಲ್ಲಿದೆ. ಕರ್ತನು ಧುಮುಕಲಿಲ್ಲ. ತಂದೆಯನ್ನು ನಂಬುವದು ಬೇರೆ, ತಂದೆಯನ್ನು ಪರೀಕ್ಷಿಸುವದು ಬೇರೆ. ಮದುವೆಯ ಮುಹೂರ್ತ ತಪ್ಪೀತು, ಬೀಗರು ಏನೆಂದಾರು, ಸಂತೆ ಕಳೆದೀತು ಎಂಬ ಅವಸರಕ್ಕೆ ನಾವು ಎಷ್ಟೋ ಸಾರಿ ವಿಶ್ವಾಸವೆಂಬ ಹೆಸರನ್ನು ಇಡುತ್ತೇವೆ. ಹಂಗಿಸಿದರೂ ಗಾಡಿಯನ್ನು ಮುಂದಕ್ಕೆ ಬಿಡದ ಆ ಚಾಲಕನು ಆ ರಾತ್ರಿ ದೇವರ ಚಿತ್ತವನ್ನೇ ನಡಿಸಿದನು.

ಎರಡನೆಯದಾಗಿ, ಯಾರೂ ಒಬ್ಬಂಟಿಗರಾಗಿ ದಡ ಸೇರುವದಿಲ್ಲ.

ಹಡಗಿನಲ್ಲಿ 276 ಮಂದಿ ಇದ್ದರು. ಹದಿನಾಲ್ಕನೆಯ ರಾತ್ರಿಯಲ್ಲಿ ನಾವಿಕರು ಉಪಾಯದಿಂದ ದೋಣಿಯನ್ನು ಇಳಿಸಿ ತಾವು ಮಾತ್ರ ಪಾರಾಗಬೇಕೆಂದು ನೋಡಿದರು. ಇವರು ಹಡಗಿನಲ್ಲಿ ಉಳಿಯದಿದ್ದರೆ ಉಳಿದವರು ಬದುಕಲಾರರೆಂದು ಪೌಲನು ತಡೆದನು. ಎಲ್ಲರೂ ಬದುಕುವರೆಂದು ದೇವದೂತನು ಮೊದಲೇ ತಿಳಿಸಿದ್ದನಲ್ಲವೇ? ಆದರೂ ನಾವಿಕರ ಕೈಗಳು ಬೇಕಾಗಿದ್ದವು. ದೇವರ ವಾಗ್ದಾನವು ಮನುಷ್ಯರ ಕೈಗಳನ್ನು ಬಳಸಿಕೊಂಡೇ ನೆರವೇರಿತು. ಕಡೆಯಲ್ಲಿ ಈಜಬಲ್ಲವರು ಈಜಿದರು. ಈಜಲಾರದವರು ಹಲಗೆಗಳನ್ನೂ ಒಡೆದ ಹಡಗಿನ ತುಂಡುಗಳನ್ನೂ ಹಿಡಿದುಕೊಂಡರು. ಎಲ್ಲರೂ ಸೇರಿದ ದಡ ಒಂದೇ.

ಇದೇ ಸಂಗತಿಯನ್ನು ನಮ್ಮ ಸೀಮೆಯ ಒಬ್ಬ ಬಾಲಕನು ನಮಗೆ ಬೋಧಿಸಿದ್ದಾನೆ. ಅದೇ 2019ರ ಆಗಸ್ಟಿನ ನೆರೆಯಲ್ಲಿ, ನೆರೆಯ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯ ಬಳಿ, ಒಂದು ಆಂಬ್ಯುಲೆನ್ಸು ನೀರು ತುಂಬಿದ ಸೇತುವೆಯ ಮುಂದೆ ನಿಂತಿತು. ಅದರಲ್ಲಿ ಒಬ್ಬ ಸ್ತ್ರೀಯ ಶವವೂ ಆರು ಮಂದಿ ಮಕ್ಕಳೂ ಇದ್ದರು. ಸೇತುವೆಯ ಅಂಚು ಎಲ್ಲಿದೆಯೆಂದು ಚಾಲಕನಿಗೆ ತಿಳಿಯಲಿಲ್ಲ. ಆಗ ಹನ್ನೆರಡು ವರುಷದ ಆ ಊರಿನ ಹುಡುಗನು ನೀರಿಗೆ ಇಳಿದು, ಗಾಡಿಯ ಮುಂದೆ ಮುಂದೆ ನಡೆದು, ದಾರಿಯನ್ನು ತೋರಿಸಿದನು. ಗಾಡಿಯು ಅವನ ಹಿಂದೆ ಬಂದು ಆಚೆಯ ದಡವನ್ನು ಸೇರಿತು. ಆ ವರುಷದ ಸ್ವಾತಂತ್ರ್ಯ ದಿನದಲ್ಲಿ ಜಿಲ್ಲಾಡಳಿತವು ಅವನನ್ನು ಸನ್ಮಾನಿಸಿತು. ಆಮೇಲೆ ಮಕ್ಕಳಿಗೆ ಕೊಡುವ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಅವನಿಗೆ ದೊರಕಿತು.

ಇದನ್ನು ಕೇಳಿ, ನಮ್ಮ ಮಕ್ಕಳೂ ನೀರಿಗೆ ಇಳಿಯಲಿ ಎಂದು ಯಾರೂ ತಿಳಿಯಬಾರದು. ಅವನು ಆ ನೆಲದ ಹುಡುಗನು. ಸೇತುವೆಯ ಗುರುತನ್ನು ಬಲ್ಲವನು. ಆದರೂ ಅವನ ಪ್ರಾಣಕ್ಕೆ ಅಪಾಯವಿತ್ತು. ನಾವು ನೋಡತಕ್ಕದ್ದು ಬೇರೆ. ಅವನು ದಡದಲ್ಲಿ ನಿಂತು, ಹೋಗಿರಿ, ಏನೂ ಆಗುವದಿಲ್ಲ ಎಂದು ಕೈ ಬೀಸಲಿಲ್ಲ. ಮೊದಲು ತನ್ನ ಕಾಲನ್ನು ಇಟ್ಟು, ಆಮೇಲೆ ಬರಬಹುದೆಂದು ತೋರಿಸಿದನು. ನಮ್ಮ ಕರ್ತನು ನಮ್ಮನ್ನು ನಡಿಸುವದೂ ಹೀಗೆಯೇ ಅಲ್ಲವೇ? ಆತನು ಇಳಿಯದ ನೀರಿಗೆ ನಮ್ಮನ್ನು ಇಳಿಸುವದಿಲ್ಲ. ಮರಣವೆಂಬ ಹೊಳೆಗೂ ತಾನೇ ಮೊದಲು ಇಳಿದನು.

ಆ ದಾರಿಯ ನಡುವೆ ಇರುವ ಮಸ್ಕಿಯಲ್ಲಿ ಬಂಡೆಯ ಮೇಲೆ ಅಶೋಕರಾಜನ ಶಾಸನವಿರುವದು ನಿಮಗೆಲ್ಲರಿಗೂ ಗೊತ್ತು. 1915ರಲ್ಲಿ ಅದು ಬೆಳಕಿಗೆ ಬಂದಾಗ, ಶಾಸನಗಳಲ್ಲಿ ದೇವಾನಾಂಪ್ರಿಯನೆಂದು ಕರೆಯಲ್ಪಟ್ಟ ಅರಸನು ಅಶೋಕನೇ ಎಂಬದು ಅದರಲ್ಲಿದ್ದ ಹೆಸರಿನಿಂದ ಸ್ಥಿರವಾಯಿತು. ಅದೇ ಅರಸನು ಬೇರೆ ಕಡೆಗಳಲ್ಲಿ ಬರೆಯಿಸಿದ ಶಾಸನಗಳಲ್ಲಿ, ದಾರಿಗಳ ಬದಿಯಲ್ಲಿ ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಮರಗಳನ್ನು ನೆಡಿಸಿದೆನು, ಬಾವಿಗಳನ್ನು ತೋಡಿಸಿದೆನು, ತಂಗುವ ಮನೆಗಳನ್ನು ಮಾಡಿಸಿದೆನು ಎಂದು ತಿಳಿಸಿದ್ದಾನೆ. ಕ್ರಿಸ್ತನು ಹುಟ್ಟುವದಕ್ಕೆ ಇನ್ನೂರಕ್ಕೂ ಹೆಚ್ಚು ವರುಷಗಳ ಮುಂಚೆ ಒಬ್ಬ ಅರಸನು ತಾನು ಕಾಣದ ಪಯಣಿಗನ ದಣಿವನ್ನು ನೆನಸಿದ್ದನು. ಸುವಾರ್ತೆಯನ್ನು ಕೇಳಿದ ನಾವು ಅದಕ್ಕಿಂತ ಕಡಿಮೆಯಾದದ್ದನ್ನು ನೆನಸಬಹುದೋ?

ಮೂರನೆಯದಾಗಿ, ನಾವು ತಲಪಿದ್ದರಿಂದ ತಲಪದವರಿಗೆ ತೀರ್ಪು ಮಾಡಬಾರದು.

ಈ ಮಾತು ಕಠಿನವಾದದ್ದು, ಆದರೂ ಹೇಳಲೇಬೇಕು. 2009ನೆಯ ಇಸವಿಯ ಸೆಪ್ಟೆಂಬರಿನ ಕಡೆಯ ದಿನಗಳಲ್ಲಿಯೂ ಅಕ್ಟೋಬರಿನ ಮೊದಲ ದಿನಗಳಲ್ಲಿಯೂ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಯನ್ನು ನಮ್ಮ ಹಿರಿಯರು ಮರೆತಿಲ್ಲ. ರಾಯಚೂರು ಜಿಲ್ಲೆಯ ಹಳ್ಳಿಗಳು ನೀರಿನಲ್ಲಿ ನಿಂತವು. ಮಣ್ಣಿನ ಮನೆಗಳು ಕುಸಿದವು. ತುಂಗಭದ್ರೆಯು ಆಚೆಯ ದಡದ ಮಂತ್ರಾಲಯದೊಳಗೂ ನುಗ್ಗಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಪ್ರಾಣ ಕಳಕೊಂಡರು. ಅವರಲ್ಲಿ ಪ್ರಾರ್ಥಿಸದವರು ಮಾತ್ರ ಇದ್ದರೋ? ಬದುಕಿದ ನಾವು ಅವರಿಗಿಂತ ಒಳ್ಳೆಯವರೋ? ಸಿಲೋವದ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಊರಿನ ಉಳಿದವರಿಗಿಂತ ಹೆಚ್ಚು ಅಪರಾಧಿಗಳೆಂದು ಎಣಿಸಬೇಡಿರೆಂದು ಕರ್ತನು ಖಂಡಿತವಾಗಿ ಹೇಳಿದನು. ಅದನ್ನು ಲೂಕನ ಹದಿಮೂರನೆಯ ಅಧ್ಯಾಯದಲ್ಲಿ ಓದಿರಿ.

ಪೌಲನೂ ಇಂಥ ತೀರ್ಪಿಗೆ ಗುರಿಯಾದನು. ದಡ ಸೇರಿದ ಮೇಲೆ ಹಾವು ಅವನ ಕೈಗೆ ಸುತ್ತಿಕೊಂಡಾಗ, ಇವನು ಕೊಲೆಗಾರನೇ ಇರಬೇಕು, ಸಮುದ್ರದಿಂದ ತಪ್ಪಿಸಿಕೊಂಡರೂ ನ್ಯಾಯವು ಬಿಡಲಿಲ್ಲವೆಂದು ದ್ವೀಪದವರು ಮಾತಾಡಿಕೊಂಡರು. ಅವನಿಗೆ ಏನೂ ಆಗದಿದ್ದಾಗ ಅವನನ್ನೇ ದೇವರೆಂದರು. ಎರಡೂ ತಪ್ಪು. ಕೇಡು ಬಂದರೆ ಪಾಪಿ, ಕೇಡು ತಪ್ಪಿದರೆ ಪುಣ್ಯಾತ್ಮ ಎಂಬ ಲೆಕ್ಕವು ನಮ್ಮ ಬಾಯಲ್ಲಿಯೂ ಸುಲಭವಾಗಿ ಬರುವದು. ಆಂಬ್ಯುಲೆನ್ಸಿನಲ್ಲಿದ್ದ ಆ ಮಕ್ಕಳನ್ನು ನೆನಸಿರಿ. ಅವರೂ ದಡ ಸೇರಿದರು. ಆದರೆ ಅವರು ಸೇರಿದ್ದು ಹಬ್ಬಕ್ಕೆ ಅಲ್ಲ. ಆದಕಾರಣ ನಾವು ಸಭೆಯಲ್ಲಿ ಎದ್ದು ಸ್ತೋತ್ರ ಹೇಳುವಾಗ, ನಮ್ಮ ಪಕ್ಕದಲ್ಲಿ ಕೂತ ವಿಧವೆಯ ಗಂಡನನ್ನು ಒಂದು ಕಾಲದಲ್ಲಿ ಹಳ್ಳವು ಒಯ್ದಿರಬಹುದೆಂಬದನ್ನು ನೆನಪಿಟ್ಟು ಮಾತಾಡೋಣ. ನಮ್ಮ ವಿಶ್ವಾಸದಿಂದ ಬದುಕಿದೆವು ಎನ್ನಬೇಡಿರಿ; ಕೃಪೆಯಿಂದ ಬದುಕಿದೆವು ಎನ್ನಿರಿ. ಆಕೆಯ ಗಂಡನನ್ನೂ ಆ ಕೃಪೆಯು ಕೈಬಿಡಲಿಲ್ಲವೆಂದು ಆಕೆಯ ಪಕ್ಕದಲ್ಲಿ ಕೂತು ನಂಬಿರಿ.

ನಾಲ್ಕನೆಯದಾಗಿ, ದಡ ಸೇರಿದವನು ಕಟ್ಟಿಗೆಯನ್ನು ಕೂಡಿಸಲಿ.

ಪೌಲನು ರೊಟ್ಟಿಯನ್ನು ತಕ್ಕೊಂಡು ಎಲ್ಲರ ಮುಂದೆ ದೇವರಿಗೆ ಸ್ತೋತ್ರ ಮಾಡಿದ್ದು ದಡ ಸೇರಿದ ಮೇಲೆ ಅಲ್ಲ. ಹಡಗು ಇನ್ನೂ ಅಲೆಗಳ ನಡುವೆ ಇರುವಾಗಲೇ. ಹಾಗಾದರೆ ದಡ ಸೇರಿದ ಮೇಲೆ ಅವನು ಏನು ಮಾಡಿದನು? ಮಳೆ ಸುರಿಯುತ್ತಿತ್ತು, ಚಳಿಯಾಗಿತ್ತು. ಮೆಲೀತೆ ದ್ವೀಪದ ಜನರು ಬೆಂಕಿ ಹೊತ್ತಿಸಿ ಎಲ್ಲರನ್ನೂ ಸೇರಿಸಿಕೊಂಡರು. ಅವರು ನಮ್ಮ ಸಭೆಯವರಲ್ಲ. ಕ್ರಿಸ್ತನ ಹೆಸರನ್ನು ಕೇಳಿದವರೂ ಅಲ್ಲ. ಆದರೂ ಅವರು ತೋರಿಸಿದ ದಯೆಯನ್ನು ಪರಿಶುದ್ಧ ಗ್ರಂಥವು ಮುಚ್ಚಿಡದೆ ಹೊಗಳಿದೆ. ಆಗ ಪೌಲನು ಬೆಂಕಿಯ ಮುಂದೆ ಕೈ ಚಾಚಿ ಸುಮ್ಮನೆ ಕೂಡ್ರಲಿಲ್ಲ. ಹದಿನಾಲ್ಕು ದಿನ ಸಮುದ್ರದಲ್ಲಿ ಬಳಲಿದ ಆ ಸೆರೆಯವನು ಎದ್ದು ಹೋಗಿ, ಕಟ್ಟಿಗೆಗಳನ್ನು ಕೂಡಿಸಿ ತಂದು ಬೆಂಕಿಗೆ ಹಾಕಿದನು. ಅವನ ಹಿಂದೆ ಇನ್ನೂ ನೆನೆದವರು, ನಡುಗುವವರು ಬಹಳ ಮಂದಿ ಇದ್ದರು. ದಡದ ಮೇಲೆ ಅವನು ಮಾಡಿದ ಸ್ತೋತ್ರವು ಆ ಕಟ್ಟಿಗೆಯ ಹೊರೆಯೇ.

ಪ್ರಿಯರೇ, ನಮ್ಮ ಹಳ್ಳಿಗಳಲ್ಲಿ ಕೂಡಿಸತಕ್ಕ ಕಟ್ಟಿಗೆಯು ಬಹಳವಿದೆ. ಮಳೆಯ ರಾತ್ರಿಗಳಲ್ಲಿ ನಮ್ಮ ಪ್ರಾರ್ಥನಾಲಯದ ಬಾಗಲಿಗೆ ಬೀಗವೇಕೆ? ಒಂದು ದೀಪ, ನಾಲ್ಕು ಚಾಪೆ, ಒಣಗಿದ ಎರಡು ಕಂಬಳಿ, ಕುಡಿಯುವ ನೀರು, ಇಷ್ಟನ್ನು ಅಲ್ಲಿ ಇಟ್ಟರೆ ದಾರಿ ಕಡಿದು ನಿಂತವರು ಯಾವ ಮತದವರಾದರೂ ಬೆಳಗಿನ ವರೆಗೆ ತಂಗಬಹುದು. ಹಳ್ಳದ ಎರಡೂ ಬದಿಗೆ ಸೇತುವೆಯ ಅಂಚು ತಿಳಿಯುವಂತೆ ಬಿಳಿಯ ಬಣ್ಣ ಬಳಿದ ಕಂಬಗಳನ್ನು ನಿಲ್ಲಿಸುವದಕ್ಕೆ ಗ್ರಾಮ ಪಂಚಾಯಿತಿಯನ್ನು ಕೇಳಿಕೊಳ್ಳಿರಿ. ಕೇಳಿದ್ದು ಆಗುವ ವರೆಗೆ ಬಿಡಬೇಡಿರಿ. ಹಳ್ಳ ತುಂಬಿದರೆ, ಈಚೆಯ ಊರಿನವರು ಆಚೆಯ ಊರಿಗೆ ಫೋನು ಮಾಡಿ ತಿಳಿಸುವ ರೂಢಿಯನ್ನು ಯೌವನಸ್ಥರು ಮಾಡಿಕೊಳ್ಳಲಿ. ಬರುವ ನೆಂಟರಿಗೆ, ಮಳೆಯಾದರೆ ನಾಳೆ ಬನ್ನಿರಿ, ನಮಗೆ ಬೇಸರವಿಲ್ಲವೆಂದು ಮೊದಲೇ ಹೇಳಿರಿ. ಎಷ್ಟೋ ಮಂದಿಯನ್ನು ನೀರಿಗೆ ತಳ್ಳುವದು ಬೀಗರ ಮುನಿಸಿನ ಭಯವೇ. ನಿಮ್ಮನ್ನು ಒಲೆಯ ಮುಂದೆ ಕೂಡ್ರಿಸಿದ ಮುದುಕಿಯ ಗುಡಿಸಲಿಗೆ, ಮಳೆ ನಿಂತ ಮೇಲೆ, ಒಂದು ಸೇರು ಜೋಳವನ್ನಾದರೂ ತಕ್ಕೊಂಡು ಹೋಗಿ ಬನ್ನಿರಿ. ಆಕೆಯ ಮಾಳಿಗೆ ಸೋರುತ್ತದೆಯೋ ಎಂದು ನೋಡಿರಿ.

ಇವೆಲ್ಲ ಚಿಕ್ಕ ಕೆಲಸಗಳೆಂದು ಯಾರಾದರೂ ಅಂದಾರು. ಒಣಕಟ್ಟಿಗೆಯ ಹೊರೆಯೂ ಚಿಕ್ಕದೇ. ಆದರೆ ಮಳೆಯಲ್ಲಿ ನಡುಗುವವನಿಗೆ ಅದರ ಬೆಲೆ ಗೊತ್ತು.

ಕಡೆಗೆ ಒಂದು ಮಾತು. ನಾವೆಲ್ಲರೂ ಇನ್ನೊಂದು ಪಯಣದಲ್ಲಿಯೂ ಇದ್ದೇವೆ. ನಮ್ಮ ತಂದೆತಾಯಿಗಳು ಕೆಲವರು ಆ ಮನೆಯನ್ನು ಆಗಲೇ ಸೇರಿದ್ದಾರೆ. ನಾವು ಇನ್ನೂ ಹಳ್ಳದ ಈಚೆಯಲ್ಲಿ ನಿಂತಿದ್ದೇವೆ. ಅಲ್ಲಿ ಬಾಗಲು ತೆರೆಯುವದು, ಕಾಲಿಗೆ ನೀರು ಕೊಡುವವನು ಇದ್ದಾನೆ. ಶಿಷ್ಯರ ಕಾಲುಗಳನ್ನು ತೊಳೆದ ಕೈಗಳು ಆತನವೇ. ಆ ಬಾಗಲನ್ನು ನಂಬಿದವರು ಈ ಲೋಕದ ಮಳೆಯಲ್ಲಿ ತಮ್ಮ ಬಾಗಲನ್ನು ಮುಚ್ಚಿಕೊಳ್ಳುವದು ತರವಲ್ಲ.

ಪ್ರಾರ್ಥಿಸೋಣ: ಕರ್ತನೇ, ಹೊಲಕ್ಕೆ ಬೇಕಾದ ಮಳೆಯನ್ನು ಕೊಡು. ಈ ರಾತ್ರಿ ದಾರಿಯಲ್ಲಿರುವವರನ್ನು ಕಾಯಿ. ನಿಲ್ಲತಕ್ಕ ಸ್ಥಳದಲ್ಲಿ ನಿಲ್ಲುವ ಬುದ್ಧಿಯನ್ನು ಅವರಿಗೆ ಕೊಡು. ತಲಪದೆ ಹೋದವರ ಮನೆಗಳಲ್ಲಿ ನೀನೇ ಕೂತಿರು. ತಲಪಿದ ನಮ್ಮನ್ನು ಬೆಂಕಿಯ ಬಳಿಯಿಂದ ಎಬ್ಬಿಸಿ ಕಟ್ಟಿಗೆಗೆ ಕಳುಹಿಸು. ನಿನ್ನ ಮಗನಾದ ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.